ಆರು ವರ್ಷ, ಒಂದು ಸೋಫಾ ಕಮ್ ಬೆಡ್

ಪ್ರಶ್ನೆ: ಅಕ್ಕಾ, ನನಗೆ 33 ವರ್ಷ. ಊರು ಕುಂದಾಪುರದ ಹತ್ತಿರ, ಈಗ ಇರುವುದು ಮುಂಬೈಯ ಗೋರೆಗಾಂವ್ ಈಸ್ಟ್‌ನಲ್ಲಿ. ಮದುವೆಯಾಗಿ 6 ವರ್ಷ ಆಯ್ತು. ಗಂಡ ಕುಡಿಯುವುದಿಲ್ಲ, ಬೈಯುವುದಿಲ್ಲ, ಫ್ಲ್ಯಾಟಿನ ಕಂತು ಇಬ್ಬರೂ ಸೇರಿ ಕಟ್ಟುತ್ತೇವೆ. ಆದರೆ ನಮ್ಮ ಮಧ್ಯೆ ಗಂಡ ಹೆಂಡತಿ ಸಂಬಂಧ ಅಂತ ಇಲ್ಲ. ಮೊದಲ ವರ್ಷ ನಾಲ್ಕೈದು ಸಲ, ಅಷ್ಟೇ. ಈಗ ರಾತ್ರಿ ಹನ್ನೊಂದಾದರೆ ಅವರು ಹಾಲ್‌ನಲ್ಲಿ ಸೋಫಾ ಕಮ್ ಬೆಡ್ ಎಳೆಯುತ್ತಾರೆ, ಅದು ಕಿರ್ ಅನ್ನುತ್ತದೆ, ನಾನು ಒಳಗೆ ಲೈಟ್ ಆರಿಸುತ್ತೇನೆ. ಕೇಳಿದರೆ ‘ಸುಸ್ತು’ ಅಂತಾರೆ. ಅತ್ತೆ ಫೋನ್ ಮಾಡಿದಾಗೆಲ್ಲ ‘ಎಂತ, ವಿಶೇಷ ಇಲ್ವಾ?’ ಅಂತ ನನ್ನನ್ನೇ ಕೇಳುವುದು. ಅಮ್ಮನಿಗೆ ಹೇಳಿದರೆ ‘ಹೊಡೀತಾನಾ? ಇಲ್ಲ ಅಲ್ಲ, ಮತ್ತೆಂತ ನಿಂಗೆ?’ ಅಂದಳು. ಇಷ್ಟಕ್ಕೆಲ್ಲ ವಿಚ್ಛೇದನ ಕೇಳಬಹುದಾ? ಕೋರ್ಟಿನಲ್ಲಿ ಇದನ್ನೆಲ್ಲ ಎಲ್ಲರೆದುರು ಹೇಳಬೇಕಾ?

ಉತ್ತರ: ‘ಇಷ್ಟಕ್ಕೆಲ್ಲ’ ಅಂತ ಬರೆದಿದ್ದೀರಲ್ಲ, ಆ ಮಾತು ನಿಮ್ಮದಲ್ಲ, ಅಮ್ಮನದು. ಅಮ್ಮನ ಕಾಲದಲ್ಲಿ ಗಂಡ ಹೊಡೆಯದಿದ್ದರೆ ಅದೇ ದೊಡ್ಡದು, ಅವರನ್ನು ದೂರಿ ಪ್ರಯೋಜನ ಇಲ್ಲ. ಆದರೆ ಆರು ವರ್ಷ ಆ ಕಿರ್ ಸದ್ದು ಕೇಳಿಸಿಕೊಂಡವರು ನೀವು. ಕೇಳಬಹುದಾ ಅಂದರೆ, ಕೇಳಬಹುದು. ಹೇಗೆ ಕೇಳಬೇಕು ಅನ್ನುವುದರಲ್ಲಿ ಮಾತ್ರ ಸ್ವಲ್ಪ ಜಾಣತನ ಬೇಕು.

ಅದಕ್ಕೂ ಮೊದಲು ಒಂದು ಸಲ, ಒಂದೇ ಸಲ, ನೇರವಾಗಿ ಮಾತಾಡಿ. ರಾತ್ರಿ ಹನ್ನೊಂದಕ್ಕೆ ಬೇಡ, ಆ ಹೊತ್ತಿಗೆ ಅವರ ಬಾಯಲ್ಲಿ ‘ಸುಸ್ತು’ ರೆಡಿ ಇರುತ್ತದೆ. ಭಾನುವಾರ ಸಂಜೆ ಮನೆಯಿಂದ ಹೊರಗೆ ಎಲ್ಲಾದರೂ ಕೂತು, ‘ನಿಮಗೆ ನಾನು ಬೇಡವಾ, ಅಥವಾ ಇದೇ ಬೇಡವಾ?’ ಅಂತ ಕೇಳಿ. ಎರಡೂ ಬೇರೆ ಬೇರೆ. ಸಕ್ಕರೆ ಕಾಯಿಲೆ, ಖಿನ್ನತೆ, ಕೆಲವು ಮಾತ್ರೆಗಳು, ಇವೆಲ್ಲ ಗಂಡಸರನ್ನು ಹೀಗೆ ಮಾಡಬಹುದು, ಅದಕ್ಕೆ ಔಷಧಿ ಇದೆ. ಯೂರಾಲಜಿ ಡಾಕ್ಟರ್ ಅಥವಾ ಮನೋವೈದ್ಯರ ಹತ್ತಿರ ಹೋಗಲಿ (ಲೋಕಲ್ ಟ್ರೇನಿನ ಗೋಡೆಗೆ ಚೀಟಿ ಅಂಟಿಸಿದ ಬಾಬಾಗಳ ಹತ್ತಿರ ಅಲ್ಲ, ದಯವಿಟ್ಟು). ಇನ್ನು ಕೆಲವರಿಗೆ ಆ ಆಸೆಯೇ ಇರುವುದಿಲ್ಲ, ಕೆಲವರಿಗೆ ಹೆಂಗಸರ ಮೇಲೆ ಇರುವುದಿಲ್ಲ, ಮನೆಯವರ ಒತ್ತಾಯಕ್ಕೆ ತಾಳಿ ಕಟ್ಟಿರುತ್ತಾರೆ. ಹಾಗಿದ್ದರೆ ಅವರೂ ಆರು ವರ್ಷ ಹಾಲ್‌ನಲ್ಲಿ ಸುಖವಾಗಿ ನಿದ್ದೆ ಮಾಡಿದ್ದಾರೆ ಅಂತ ನನಗನಿಸುವುದಿಲ್ಲ. ಆದರೆ ಅದನ್ನು ಸರಿ ಮಾಡುವುದು ನಿಮ್ಮ ಕೆಲಸವಲ್ಲ.

ಈಗ ಕಾನೂನು. ಹಿಂದೂ ವಿವಾಹ ಕಾಯ್ದೆ 1955ರ 12ನೇ ಸೆಕ್ಷನ್‌ನಲ್ಲಿ ಮದುವೆಯನ್ನೇ ರದ್ದು ಮಾಡಿಸುವ ದಾರಿ ಒಂದಿದೆ. ಗಂಡನ ಅಸಮರ್ಥತೆಯಿಂದ ಸಂಬಂಧವೇ ನಡೆಯದಿದ್ದರೆ ಮಾತ್ರ ಅದು. ನಿಮ್ಮಲ್ಲಿ ನಾಲ್ಕೈದು ಸಲ ಆಗಿದೆ, ಹಾಗಾಗಿ ಆ ಬಾಗಿಲು ಬಹುತೇಕ ಮುಚ್ಚಿದೆ. ಎರಡನೆಯದು ಕ್ರೌರ್ಯದ ಕಾರಣ ಕೊಟ್ಟು ವಿಚ್ಛೇದನ ಕೇಳುವುದು. ಕ್ರೌರ್ಯ ಅಂದರೆ ಹೊಡೆಯುವುದೇ ಆಗಬೇಕಿಲ್ಲ. 2007ರಲ್ಲಿ ಸಮರ್ ಘೋಷ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ: ದೇಹಕ್ಕೆ ತೊಂದರೆ ಇಲ್ಲದೆ, ಸರಿಯಾದ ಕಾರಣವೂ ಇಲ್ಲದೆ, ಗಂಡನೋ ಹೆಂಡತಿಯೋ ತಾನೇ ತೀರ್ಮಾನಿಸಿ ಬಹಳ ಕಾಲ ದೂರ ಉಳಿದರೆ ಅದು ಮಾನಸಿಕ ಕ್ರೌರ್ಯ ಆಗಬಹುದು. ಅಮ್ಮನಿಗೆ ಬೇಕಾದರೆ ಇದನ್ನು ಓದಿ ಹೇಳಿ. ಆದರೆ ಈ ದಾರಿಯಲ್ಲಿ ಹೋದರೆ ಸಾಬೀತು ಮಾಡುವುದು ನಿಮ್ಮ ತಲೆ ಮೇಲೆ ಬರುತ್ತದೆ. ಬೆಡ್‌ರೂಮಿಗೆ ಸಾಕ್ಷಿ ಎಲ್ಲಿಂದ ತರುತ್ತೀರಿ? ಅವರು ‘ಇವಳೇ ಬೇಡ ಅಂದಳು’ ಅಂತ ತಿರುಗಿಸಿ ಬರೆದರೆ ವರ್ಷಗಟ್ಟಲೆ ಎಳೆಯುತ್ತದೆ.

ಅದಕ್ಕೇ ನಾನು ಹೇಳುವುದು ಮೂರನೆಯದು, ಪರಸ್ಪರ ಒಪ್ಪಿಗೆಯ ವಿಚ್ಛೇದನ, ಅದೇ ಕಾಯ್ದೆಯ 13ಬಿ ಸೆಕ್ಷನ್. ಒಂದು ವರ್ಷ ಬೇರೆ ಇದ್ದೇವೆ, ಕೂಡಿ ಬಾಳಲು ಆಗುತ್ತಿಲ್ಲ, ಇಬ್ಬರೂ ಒಪ್ಪಿದ್ದೇವೆ, ಅರ್ಜಿಯಲ್ಲಿ ಮುಖ್ಯವಾಗಿ ಇಷ್ಟು ಇದ್ದರೆ ಸಾಕು. ಸೋಫಾ ಕಥೆ ಬರೆಯಬೇಕಿಲ್ಲ. ‘ನಾವು ಒಂದೇ ಮನೆಯಲ್ಲಿದ್ದೇವಲ್ಲ’ ಅಂತೀರಾ? ಬೇರೆ ಇರುವುದು ಅಂದರೆ ಗಂಡ ಹೆಂಡತಿಯಾಗಿ ಬಾಳದಿರುವುದು, ಒಂದೇ ಸೂರಿನಡಿ ಇದ್ದೂ ಹಾಗಿರಬಹುದು ಅಂತ 1991ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅರ್ಜಿ ಹಾಕಿ 6 ತಿಂಗಳು ಕಾಯಬೇಕು. ರಾಜಿಯ ದಾರಿ ಇಲ್ಲ, ಕೊಡುಕೊಳ್ಳುವುದೆಲ್ಲ ಮುಗಿದಿದೆ ಅಂತ ಜಡ್ಜ್‌ಗೆ ಅನಿಸಿದರೆ ಆ ಕಾಯುವಿಕೆಯನ್ನು ಬಿಡಬಹುದು, ಇದು 2017ರ ತೀರ್ಪು. ಎಚ್ಚರಿಕೆ ಒಂದೇ: ಡಿಕ್ರಿ, ಅಂದರೆ ಕೋರ್ಟಿನ ವಿಚ್ಛೇದನದ ಆದೇಶ, ಆಗುವ ತನಕ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ಹಿಂದಕ್ಕೆ ಪಡೆಯಬಹುದು. ಹಾಗಾಗಿ ಅವರ ಮರ್ಯಾದೆ ತೆಗೆಯುವ ಮಾತನ್ನು ಬಾಯಿಂದಲೂ ಹೇಳಬೇಡಿ, ವಾಟ್ಸಾಪ್‌ನಲ್ಲೂ ಬರೆಯಬೇಡಿ. ‘ಗಂಡಸೇ ಅಲ್ಲ’ ಅಂತ ಒಂದು ಮಾತು ಬಂದರೆ ಸಾಕು, ನಾಳೆ ಸಹಿ ಹಾಕಲು ಬರುವವರು ವಕೀಲರನ್ನು ಹುಡುಕುತ್ತಾರೆ.

ಎಲ್ಲರೆದುರು ಹೇಳಬೇಕಾ ಅಂತ ಕೇಳಿದ್ದೀರಿ. ಬೇಡ. ನಿಮಗೆ ಬರುವುದು ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನ ಫ್ಯಾಮಿಲಿ ಕೋರ್ಟ್. ಅಲ್ಲಿ ಮ್ಯಾರೇಜ್ ಕೌನ್ಸಿಲರ್ ಇರುತ್ತಾರೆ, ಕೂರಿಸಿ ಮಾತಾಡಿಸುತ್ತಾರೆ. ಇಬ್ಬರಲ್ಲಿ ಒಬ್ಬರು ಕೇಳಿದರೂ ಸಾಕು, ವಿಚಾರಣೆ ಬಾಗಿಲು ಮುಚ್ಚಿಯೇ ನಡೆಯಬೇಕು. ನೆಂಟರೊಬ್ಬರ ಜೊತೆ ನಾನೂ ಅಲ್ಲಿ ಒಂದು ದಿನವಿಡೀ ಕೂತಿದ್ದೆ. ನಮ್ಮ ಪಕ್ಕದ ಬೆಂಚಿನಲ್ಲಿ ಗಂಡ ಹೆಂಡತಿ ಒಂದೇ ಡಬ್ಬಿಯಿಂದ ಚಪಾತಿ ತಿನ್ನುತ್ತಿದ್ದರು, ಹೆಸರು ಕೂಗಿದ ಕೂಡಲೇ ಡಬ್ಬಿ ಮುಚ್ಚಿ ಒಳಗೆ ಹೋಗಿ ಬೇರೆ ಆಗಿ ಬಂದರು. ಅಲ್ಲಿ ಎಲ್ಲರೂ ಜಗಳವಾಡಿಕೊಂಡೇ ಬಂದಿರುವುದಿಲ್ಲ.

ಫ್ಲ್ಯಾಟಿನ ವಿಷಯ ಮರೆಯಬೇಡಿ. ವಿಚ್ಛೇದನ ಆಯ್ತು ಅಂತ ಬ್ಯಾಂಕು ಸಾಲಗಾರರ ಹೆಸರು ತೆಗೆಯುವುದಿಲ್ಲ, ಇಬ್ಬರ ಹೆಸರಲ್ಲಿ ಸಾಲ ಇದ್ದರೆ ಇಬ್ಬರೂ ಹೊಣೆ. ಯಾರು ಫ್ಲ್ಯಾಟ್ ಇಟ್ಟುಕೊಳ್ಳುವುದು, ಇನ್ನೊಬ್ಬರಿಗೆ ಎಷ್ಟು ಕೊಡುವುದು, ಸಾಲ ಯಾರ ಹೆಸರಿಗೆ, ಎಲ್ಲವೂ ಕನ್ಸೆಂಟ್ ಟರ್ಮ್ಸ್‌ನಲ್ಲಿ (ಇಬ್ಬರೂ ಒಪ್ಪಿ ಕೋರ್ಟಿಗೆ ಕೊಡುವ ಷರತ್ತುಗಳ ಪತ್ರ) ಬರಲಿ, ಮತ್ತೆ ಬ್ಯಾಂಕಿನಿಂದಲೂ ಬರೆಸಿಕೊಳ್ಳಿ. ನಿಮ್ಮ ಚಿನ್ನ ನಿಮ್ಮದೇ, ಅತ್ತೆಯ ಲಾಕರ್‌ನಲ್ಲಿದ್ದರೆ ಅರ್ಜಿಗೆ ಮೊದಲೇ ತನ್ನಿ.

ಅತ್ತೆ ಮತ್ತೆ ‘ವಿಶೇಷ’ ಕೇಳಿದರೆ, ‘ಮಗನ ಹತ್ತಿರ ಕೇಳಿ ಅತ್ತೆ’ ಅಂತ ಹೇಳಿ ಫೋನ್ ಅವರ ಕೈಗೆ ಕೊಡಿ.

ಪ್ರಶ್ನೆ: ನಾನು ಪುಣೆಯಲ್ಲಿ, ಹೆಂಡತಿ ಹುಬ್ಬಳ್ಳಿಯಲ್ಲಿ. ಮದುವೆಯಾದ ಎರಡೇ ತಿಂಗಳಿಗೆ ಬೇರೆಯಾದೆವು, ಈಗ 9 ವರ್ಷ. ನಮ್ಮಲ್ಲಿ ಏನೂ ನಡೆದೇ ಇಲ್ಲ. ಇಷ್ಟು ವರ್ಷ ದೂರ ಇದ್ದ ಮೇಲೆ ಮದುವೆ ತಾನಾಗಿಯೇ ಮುಗಿದ ಹಾಗೆ ಅಲ್ವಾ? ಮನೆಯವರು ಬೇರೆ ಹುಡುಗಿ ನೋಡಿದ್ದಾರೆ.

ಉತ್ತರ: ಮುಗಿದಿಲ್ಲ. 9 ಅಲ್ಲ, 29 ವರ್ಷ ದೂರ ಇದ್ದರೂ ಕೋರ್ಟಿನ ಡಿಕ್ರಿ ಇಲ್ಲದೆ ಮದುವೆ ಹೋಗುವುದಿಲ್ಲ. ಈಗ ಇನ್ನೊಂದು ಮದುವೆಯಾದರೆ ಅದಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ, ಮೇಲಿಂದ 7 ವರ್ಷದ ತನಕ ಜೈಲು ಆಗಬಹುದಾದ ಅಪರಾಧ. ಹುಬ್ಬಳ್ಳಿಗೆ ಒಂದು ಫೋನ್ ಮಾಡಿ ನೋಡಿ. ಅವರೂ ಒಂಬತ್ತು ವರ್ಷದಿಂದ ನಿಮ್ಮ ಫೋನಿಗೇ ಕಾಯುತ್ತಿರಬಹುದು, ಸಹಿ ಹಾಕಿ ಮುಗಿಸಲು. ನೋಡಿಟ್ಟ ಹುಡುಗಿಗೂ ಇದೆಲ್ಲ ಗೊತ್ತಿದೆಯಾ? ಅದನ್ನು ನೀವು ಬರೆದೇ ಇಲ್ಲ.