ರಿಪೇರಿಯೋ, ಹೊಸ ವಾಲ್ವೋ?

ಪ್ರಶ್ನೆ: ನನ್ನ ತಂಗಿಗೆ 17 ವರ್ಷ. ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ವಾಲ್ವ್ (ಹೃದಯದ ಎಡಭಾಗದ ಒಂದು ಕವಾಟ) ಸೋರುತ್ತಿದೆ. ಮೈಸೂರಿನ ಡಾಕ್ಟರು ಆಪರೇಷನ್ ಹೇಳಿದ್ದಾರೆ: ಸಾಧ್ಯವಾದರೆ ರಿಪೇರಿ, ಆಗದಿದ್ದರೆ ಬದಲಿ. ಒಂದೇ ಸಲಕ್ಕೆ ಹೊಸದು ಹಾಕಿಸಿದರೆ ಮುಗಿಯಿತಲ್ಲವೇ? ಆಮೇಲೂ ಪೆನಿಸಿಲಿನ್ ಇಂಜೆಕ್ಷನ್ ಬೇಕೇ?
– ಓದುಗರು, ಸೋಮವಾರಪೇಟೆ

ಉತ್ತರ: ಮುಗಿಯುವುದಿಲ್ಲ. ಮೆಕ್ಯಾನಿಕಲ್ ವಾಲ್ವ್ ಗಟ್ಟಿಮುಟ್ಟು, ನಿಜ. ಆದರೆ ರಕ್ತ ತೆಳುವಾಗಿಸುವ ವಾರ್ಫರಿನ್ ಅಥವಾ ಅಸಿಟ್ರೋಮ್ ಮಾತ್ರೆಯನ್ನು ಜೀವನಪರ್ಯಂತ ನುಂಗಬೇಕು, ಮೈಟ್ರಲ್ ಜಾಗದಲ್ಲಾದರೆ ಐಎನ್‌ಆರ್ (ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಪರೀಕ್ಷೆಯ ಅಂಕಿ) 2.5ರಿಂದ 3.5ರೊಳಗೆ ಇರಬೇಕು. ಕಡಿಮೆಯಾದರೆ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟಿ ಅದು ಸಿಕ್ಕಿಕೊಳ್ಳಬಹುದು, ಲಕ್ವ ಹೊಡೆಯಬಹುದು, ಹೆಚ್ಚಾದರೆ ರಕ್ತಸ್ರಾವ. ಹೆಣ್ಣುಮಗಳಾದ್ದರಿಂದ ಇನ್ನೊಂದು ತೊಡಕು: ಗರ್ಭದ 6ರಿಂದ 12ನೇ ವಾರದಲ್ಲಿ ವಾರ್ಫರಿನ್ ಮಗುವಿಗೆ ಅಪಾಯ. ಪ್ರಾಣಿಯ ಅಂಗಾಂಶದ ವಾಲ್ವ್‌ಗೆ ಈ ಮಾತ್ರೆಯ ಕಾಟ ಕಡಿಮೆ, ಆದರೆ ಎಳೆಯ ವಯಸ್ಸಿನಲ್ಲಿ ಅದು ಸುಣ್ಣಗಟ್ಟಿ ಬೇಗ ಕೆಡುತ್ತದೆ.

ರಿಪೇರಿಯಲ್ಲಿ ಅಂಟಿಕೊಂಡ ಮೂಲೆಗಳನ್ನು ಬಿಡಿಸಿ, ವಾಲ್ವಿನ ಎಸಳುಗಳ ಮೇಲೆ ದಪ್ಪಗಟ್ಟಿದ ಪದರವನ್ನು ಸುಲಿಯುತ್ತಾರೆ. ಕುಗ್ಗಿದ ಎಸಳಿಗೆ ಹೃದಯದ ಹೊರಚೀಲದ್ದೇ ತುಂಡನ್ನು ಗ್ಲುಟರಾಲ್ಡಿಹೈಡ್ ಎಂಬ ರಾಸಾಯನಿಕದಲ್ಲಿ ಹದಮಾಡಿ ತೇಪೆ ಹಾಕುತ್ತಾರೆ. ಎಸಳನ್ನು ಹಿಡಿದಿಡುವ ಎಳೆಗಳು ಕೆಟ್ಟಿದ್ದರೆ ಗೋರ್‌ಟೆಕ್ಸ್ ದಾರ, ಹಿಗ್ಗಿದ ಬುಡಕ್ಕೆ ರಿಂಗ್. ಹೃದಯ ಮತ್ತೆ ಬಡಿಯತೊಡಗಿದ ಮೇಲೆ ಅನ್ನನಾಳದೊಳಗಿಂದ ಎಕೋ (ಹೃದಯದ ಅಲ್ಟ್ರಾಸೌಂಡ್) ನೋಡುತ್ತಾರೆ. ಸೋರಿಕೆ ಗಣನೀಯವಾಗಿ ಉಳಿದಿದ್ದರೆ ಅಲ್ಲೇ ಸರಿಪಡಿಸುತ್ತಾರೆ, ಇಲ್ಲವೇ ವಾಲ್ವ್ ಬದಲಿಸುತ್ತಾರೆ. ಎರಡಕ್ಕೂ ಮೊದಲೇ ಸಹಿ ಹಾಕಿಸಿಕೊಳ್ಳುವುದು ಅದಕ್ಕೇ. ರಿಪೇರಿ ನಿಂತರೆ ರಕ್ತ ತೆಳುವಾಗಿಸುವ ಮಾತ್ರೆ ಸಾಮಾನ್ಯವಾಗಿ ಮೂರು ತಿಂಗಳು ಸಾಕು, ಹೃದಯದ ಲಯ ಸರಿಯಿದ್ದರೆ.

ರಿಪೇರಿ ಕೆಡುವುದಕ್ಕೆ ಹೊಲಿಗೆಯೊಂದೇ ಕಾರಣವಲ್ಲ, ರುಮ್ಯಾಟಿಕ್ ಜ್ವರವೇ ಮರುಕಳಿಸಿ ತೇಪೆಯ ಪಕ್ಕದ ಎಸಳನ್ನು ತಿನ್ನುತ್ತದೆ. ಹಾಗಾಗಿ ರುಮ್ಯಾಟಿಕ್ ಉರಿಯೂತ ಇನ್ನೂ ಇರುವಾಗ, ತುರ್ತಿಲ್ಲದಿದ್ದರೆ, ಆಪರೇಷನ್ ಮುಂದೂಡುವುದೇ ಜಾಣತನ. ಉರಿಯೂತ ಅಳೆಯುವ ರಕ್ತಪರೀಕ್ಷೆಗಳಾದ ಇಎಸ್‌ಆರ್, ಸಿಆರ್‌ಪಿ ಎಷ್ಟಿದೆಯೆಂದು ಕೇಳಿ.

ಜ್ವರ ಮರುಕಳಿಸಬಾರದೆಂದೇ ಇಂಜೆಕ್ಷನ್ ನಿಲ್ಲಿಸುವಂತಿಲ್ಲ: ಬೆಂಜಥೈನ್ ಪೆನಿಸಿಲಿನ್ 12 ಲಕ್ಷ ಯೂನಿಟ್, 21 ದಿನಕ್ಕೊಮ್ಮೆ, ಕನಿಷ್ಠ 40 ವರ್ಷ ವಯಸ್ಸಿನವರೆಗೆ. (ಸೋರಿಕೆ ತೀವ್ರವಾಗಿದ್ದು ಉಸಿರು ಕಟ್ಟುತ್ತಿದ್ದರೆ ಆಪರೇಷನ್‌ವರೆಗೆ ಇಂಜೆಕ್ಷನ್ ಬದಲು ಮಾತ್ರೆ ಕೊಡುವುದುಂಟು, ವೈದ್ಯರೇ ತೀರ್ಮಾನಿಸಲಿ.) ನಮ್ಮಲ್ಲಿ ತಾರೀಖು ತಪ್ಪುವುದು ಹೆಚ್ಚಾಗಿ ಜೂನ್‌ನಿಂದ ಆಗಸ್ಟ್‌ವರೆಗೆ, ಮಳೆಗೆ ರಸ್ತೆ ಕಟ್ಟಿದಾಗ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಔಷಧಿ ಇದೆಯೇ ಎಂದು ಮೇ ತಿಂಗಳಲ್ಲೇ ಕೇಳಿಡಿ. ಎರಡು ದಿನ ಮೊದಲೇ ಚುಚ್ಚಿಸಿದರೆ ನಷ್ಟವಿಲ್ಲ, ತಡವಾದರೆ ಇದೆ.

ಹಲ್ಲು ಕೀಳಿಸುವಾಗ ರಿಂಗ್ ಇರುವುದನ್ನೂ ಪೆನಿಸಿಲಿನ್ ನಡೆಯುತ್ತಿರುವುದನ್ನೂ ದಂತವೈದ್ಯರಿಗೆ ಹೇಳಿ. ಹೃದಯಕ್ಕೆ ಸೋಂಕು ತಗಲದಂತೆ ಅವರು ಬೇರೆ ಗುಂಪಿನ ಆಂಟಿಬಯಾಟಿಕ್ ಕೊಡಬೇಕಾಗುತ್ತದೆ.