ಕಂಪ್ಯೂಟರ್ ಪ್ರಶ್ನೋತ್ತರ: ಪ್ರೊಸೆಸರ್ ವೇಗ ನಿಯಂತ್ರಿಸುವ ಡ್ರೈವರ್ ಏಳದಿದ್ದರೆ

ಪ್ರಶ್ನೆ: ನಮ್ಮ ಕಾಲೇಜಿನ ಲ್ಯಾಬ್‌ಗೆ ರೈಜನ್ 5 5600ಜಿ ಪ್ರೊಸೆಸರ್‌ನ ಸಿಸ್ಟಮ್‌ಗಳು ಬಂದಿವೆ. ಲಿನಕ್ಸ್ ಹಾಕಿದರೆ ಪ್ರೊಸೆಸರ್ ವೇಗ ನಿಯಂತ್ರಿಸುವ ಎಎಂಡಿ-ಪಿಸ್ಟೇಟ್ ಡ್ರೈವರ್ ಬದಲು ಹಳೆಯ ಎಸಿಪಿಐ-ಸಿಪಿಯುಫ್ರೆಕ್ ಡ್ರೈವರ್ ಬಂದು ಕೂರುತ್ತದೆ. ಡ್ರೈವರ್ ಲೋಡ್ ಮಾಡುವ ‘ಮಾಡ್‌ಪ್ರೋಬ್’ ಕಮಾಂಡ್ ಕೊಟ್ಟರೂ ಬದಲಾಗುತ್ತಿಲ್ಲ. ಲ್ಯಾಬ್‌ಗೆ ಎಸಿ ಇಲ್ಲ, ಈ ಸೆಕೆಯಲ್ಲಿ ಫ್ಯಾನ್‌ಗಳ ಸದ್ದು ವಿಪರೀತ.
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಮಾಡ್‌ಪ್ರೋಬ್ ಬಿಟ್ಟುಬಿಡಿ. ಈಗಿನ ಕರ್ನಲ್‌ಗಳಲ್ಲಿ (ಕರ್ನಲ್ ಎಂದರೆ ಲಿನಕ್ಸ್‌ನ ತಿರುಳು) ಎಎಂಡಿ-ಪಿಸ್ಟೇಟ್ ಒಳಗೇ ಸೇರಿರುತ್ತದೆ. ಅದು ನಿಲ್ಲುತ್ತದೋ ಇಲ್ಲವೋ ಬೂಟ್ ಆಗುವಾಗಲೇ ತೀರ್ಮಾನವಾಗುತ್ತದೆ. ವೇಗ ನೋಡಿಕೊಳ್ಳುವ ಕರ್ನಲ್ ಭಾಗವಾದ ಸಿಪಿಯುಫ್ರೆಕ್‌ನಲ್ಲಿ ಒಂದು ಸಲಕ್ಕೆ ಒಂದೇ ಡ್ರೈವರ್ ನೋಂದಣಿಯಾಗಬಲ್ಲದು. ಎಎಂಡಿ-ಪಿಸ್ಟೇಟ್ ಬೂಟ್‌ನಲ್ಲಿ ಏಕೆ ಹಿಂದೆ ಸರಿಯಿತು ಎಂಬುದನ್ನು ಹುಡುಕಿ.

ಮೊದಲು ‘ಯೂನೇಮ್ -ಆರ್’ ಕೊಟ್ಟು ಕರ್ನಲ್ ನೋಡಿ. ಈ ಡ್ರೈವರ್ ಬಂದದ್ದು 5.17ರಲ್ಲಿ (2022). ಉಬುಂಟು 22.04ರ ಮೂಲ ಕರ್ನಲ್ 5.15, ಅದರಲ್ಲಿ ಡ್ರೈವರ್ರೇ ಇಲ್ಲ. ಕರ್ನಲ್ ಹೊಸದಾಗಿದ್ದರೆ ಕರ್ನಲ್ ಸಂದೇಶಗಳನ್ನು ತೋರಿಸುವ ‘ಸುಡೊ ಡಿಎಂಇಎಸ್‌ಜಿ’ ಔಟ್‌ಪುಟ್‌ನಲ್ಲಿ ಪಿಸ್ಟೇಟ್ ಎಂದು ಹುಡುಕಿ. ‘_ಸಿಪಿಸಿ ಆಬ್ಜೆಕ್ಟ್’ ಇಲ್ಲ ಎಂದೋ ಸಿಪಿಪಿಸಿ (ಪ್ರೊಸೆಸರ್‌ಗೆ ಎಷ್ಟು ವೇಗ ಬೇಕೆಂದು ಲಿನಕ್ಸ್ ತಿಳಿಸುವ ವ್ಯವಸ್ಥೆ) ಬಯೋಸ್‌ನಲ್ಲಿ ಆಫ್ ಆಗಿದೆ ಎಂದೋ ಸಾಲು ಸಿಕ್ಕರೆ ತೊಂದರೆ ಲಿನಕ್ಸ್‌ನದಲ್ಲ. ಪ್ರೊಸೆಸರ್‌ನ ವೇಗದ ಮಿತಿಗಳನ್ನು ಹೇಳುವ ಎಸಿಪಿಐ ಕೋಷ್ಟಕವನ್ನು ಬಯೋಸ್ ಕೊಟ್ಟೇ ಇಲ್ಲ. ಬಹಳಷ್ಟು ಬೋರ್ಡ್‌ಗಳಲ್ಲಿ ಅಡ್ವಾನ್ಸ್‌ಡ್, ಎಎಂಡಿ ಸಿಬಿಎಸ್, ಎನ್‌ಬಿಐಒ, ಎಸ್‌ಎಂಯು ಎಂದು ಒಳಗಿಳಿದರೆ ಸಿಪಿಪಿಸಿ ಸಿಗುತ್ತದೆ. ‘ಆಟೊ’ದಲ್ಲಿದ್ದರೆ ‘ಎನೇಬಲ್ಡ್’ ಮಾಡಿ. ಆಯ್ಕೆಯೇ ಕಾಣದಿದ್ದರೆ ಬಯೋಸ್ ಅಪ್‌ಡೇಟ್ ಮಾಡಿ.

ಆಮೇಲೂ ಬರದಿದ್ದರೆ /ಇಟಿಸಿ/ಡಿಫಾಲ್ಟ್/ಗ್ರಬ್ ಫೈಲಿನ ಕರ್ನಲ್ ಸಾಲಿಗೆ ‘ಎಎಂಡಿ_ಪಿಸ್ಟೇಟ್=ಆಕ್ಟಿವ್’ ಸೇರಿಸಿ (6.3 ಅಥವಾ ನಂತರದ ಕರ್ನಲ್ ಬೇಕು), ‘ಅಪ್‌ಡೇಟ್-ಗ್ರಬ್’ ಕೊಟ್ಟು ರೀಬೂಟ್ ಮಾಡಿ. ಸಿಪಿಯು0ರ ಸಿಪಿಯುಫ್ರೆಕ್ ಫೋಲ್ಡರಿನ ‘ಸ್ಕೇಲಿಂಗ್_ಡ್ರೈವರ್’ ಫೈಲಿನಲ್ಲಿ ‘ಎಎಂಡಿ-ಪಿಸ್ಟೇಟ್-ಇಪಿಪಿ’ ಎಂದು ಕಾಣಬೇಕು. ಆಗ ಗವರ್ನರ್‌ಗಳು (ವೇಗ ಆರಿಸುವ ವಿಧಾನಗಳು) ಎರಡೇ ಉಳಿಯುತ್ತವೆ, ಪರ್ಫಾರ್ಮೆನ್ಸ್ ಮತ್ತು ಪವರ್‌ಸೇವ್. ಹೆಸರು ನೋಡಿ ಪವರ್‌ಸೇವ್‌ಗೆ ಹೆದರಬೇಡಿ; ಈ ಮೋಡ್‌ನಲ್ಲಿ ಅದು ಕೆಲಸ ಬಿದ್ದಾಗ ಪೂರ್ತಿ ವೇಗ ಕೊಡುತ್ತದೆ. ಲ್ಯಾಬ್‌ಗೆ ಅದೇ ಸರಿ.

ಎಸಿಪಿಐ-ಸಿಪಿಯುಫ್ರೆಕ್ ಲೋಡ್ ಆಗದಂತೆ ಬ್ಲ್ಯಾಕ್‌ಲಿಸ್ಟ್ ಮಾಡಲೇಬೇಡಿ. ಹೊಸ ಡ್ರೈವರ್ ಏಳದಿದ್ದ ದಿನ ವೇಗ ಇಳಿಸಲು ಯಾವುದೂ ಇರುವುದಿಲ್ಲ. ವರ್ಚುವಲ್‌ಬಾಕ್ಸ್ ಒಳಗೆ ನೋಡುತ್ತಿದ್ದರೆ ಅಲ್ಲಿ ಸಿಪಿಯುಫ್ರೆಕ್ ಸಾಮಾನ್ಯವಾಗಿ ಇರುವುದೇ ಇಲ್ಲ, ಸರಿಪಡಿಸಲು ಹೋಗಬೇಡಿ.

ಫ್ಯಾನ್ ಸದ್ದಿಗೆ ಡ್ರೈವರ್ ಒಂದೇ ಕಾರಣವಲ್ಲ. ಈ ಚಿಪ್‌ನ ಗರಿಷ್ಠ ಮಿತಿ 95 ಡಿಗ್ರಿ. ‘ಸೆನ್ಸರ್ಸ್’ ಕಮಾಂಡ್ ಅದರ ಹತ್ತಿರ ತೋರಿಸಿದರೆ ಹೀಟ್‌ಸಿಂಕ್‌ನ ದೂಳು ತೆಗೆಸಿ, ಥರ್ಮಲ್ ಪೇಸ್ಟ್ ಬದಲಿಸಿ.

ಪ್ರಶ್ನೆ: ಪ್ರಾಜೆಕ್ಟ್‌ಗೆ ಎಆರ್‌ಎಂ ಬೋರ್ಡ್‌ಗೆ ನಾವೇ ಕರ್ನಲ್ ಕಟ್ಟಿದೆವು. ಸಿಪಿಯುಫ್ರೆಕ್-ಡಿಟಿ ಡ್ರೈವರ್ -517 ಎಂದು ಹೇಳಿ ನಿಲ್ಲುತ್ತದೆ.
– ವಿದ್ಯಾರ್ಥಿಗಳು, ಚಿತ್ರದುರ್ಗ

ಉತ್ತರ: -517 ಎಂದರೆ ಸೋತೆ ಎಂದಲ್ಲ, ‘ನನಗೆ ಬೇಕಾದದ್ದು ಇನ್ನೂ ಬಂದಿಲ್ಲ, ಆಮೇಲೆ ಕರೆಯಿರಿ’ ಎಂದು. ಬೋರ್ಡ್‌ನ ಭಾಗಗಳ ವಿವರವಿರುವ ಡಿವೈಸ್ ಟ್ರೀಯಲ್ಲಿ ‘ಸಿಪಿಯು-ಸಪ್ಲೈ’ ಯಾವ ರೆಗ್ಯುಲೇಟರ್‌ನತ್ತ (ವೋಲ್ಟೇಜ್ ಕೊಡುವ ಭಾಗ) ತೋರಿಸುತ್ತದೆ ನೋಡಿ. ಅದು ಐ2ಸಿ (ಚಿಪ್‌ಗಳನ್ನು ಜೋಡಿಸುವ ಸಂಪರ್ಕ) ಮೇಲಿರುವ ಪವರ್ ಚಿಪ್ ಆಗಿದ್ದು, ಅದರ ಡ್ರೈವರ್ ನಿಮ್ಮ ಕಾನ್ಫಿಗ್‌ನಲ್ಲೇ ಇಲ್ಲದಿದ್ದರೆ ಈ ಕಾಯುವಿಕೆ ಮುಗಿಯುವುದಿಲ್ಲ. ಕರ್ನಲ್‌ನ ಒಳಮಾಹಿತಿ ತೋರಿಸುವ ಡೀಬಗ್‌ಎಫ್‌ಎಸ್‌ನ ‘ಡಿವೈಸಸ್_ಡಿಫರ್ಡ್’ ಫೈಲಿನಲ್ಲಿ ಯಾರು ಕಾಯುತ್ತಿದ್ದಾರೆಂಬ ಪಟ್ಟಿ ಇರುತ್ತದೆ. ಅದು ಸರಿಯಾದ ಮೇಲೆ ಒಪಿಪಿ ಕೋಷ್ಟಕ (ಯಾವ ವೇಗಕ್ಕೆ ಎಷ್ಟು ವೋಲ್ಟೇಜ್ ಎಂಬ ಪಟ್ಟಿ) ನೋಡಿ: ವೋಲ್ಟೇಜ್ ಮೈಕ್ರೊವೋಲ್ಟ್‌ಗಳಲ್ಲಿರಬೇಕು, 1.1 ವೋಲ್ಟ್ ಎಂದರೆ 1100000. ಮೂರು ಸೊನ್ನೆ ಬಿಟ್ಟರೆ ಆ ಬೆಲೆ ರೆಗ್ಯುಲೇಟರ್‌ನ ವ್ಯಾಪ್ತಿಯ ಹೊರಗೆ ಬೀಳುತ್ತದೆ, ಆ ವೇಗವನ್ನು ಕರ್ನಲ್ ಬಳಸುವುದಿಲ್ಲ.