ಮಗುವಿನ ತಲೆಯಲ್ಲಿ ನೀರು: ಶಂಟ್ ಹಾಕಿಸೋದಾ, ಊರಿಗೆ ಹೋಗೋದಾ?

ಪ್ರಶ್ನೆ: ಮಗನಿಗೆ ನಾಲ್ಕು ತಿಂಗಳು. ತಲೆ ಬೇಗ ಬೇಗ ದೊಡ್ಡದಾಗುತ್ತಿದೆ, ಕಣ್ಣುಗುಡ್ಡೆ ಕೆಳಗೆ ಜಾರಿದ ಹಾಗಿರುತ್ತದೆ. ಎಂಆರ್‌ಐ ನೋಡಿದ ಡಾಕ್ಟರು ಹೈಡ್ರೋಕೆಫಲಸ್, ಅಂದರೆ ತಲೆಯಲ್ಲಿ ನೀರು ತುಂಬಿದೆ, ಅದನ್ನು ಇಳಿಸುವ ಶಂಟ್ ಅನ್ನುವ ಕೊಳವೆ ಹಾಕಬೇಕು ಅಂದರು. ಅತ್ತೆಯವರು ಬಸುರಿಯಲ್ಲಿ ಗ್ರಹಣ ನೋಡಿದ್ದಕ್ಕೇ ಹೀಗಾಯ್ತು, ಎಳೆ ಕೂಸಿನ ತಲೆ ಕೊಯ್ಯಿಸಬೇಡಿ, ವಿಜಯಪುರಕ್ಕೆ ಹೋಗಿ ಔಷಧಿ ಕೊಡಿಸೋಣ ಅನ್ನುತ್ತಾರೆ. ಏನು ಮಾಡಲಿ?
– ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಊರಿಗೆ ಹೋಗಬೇಡಿ. ಈ ವಾರವೇ ನ್ಯೂರೋಸರ್ಜನ್, ಅಂದರೆ ಮಿದುಳಿನ ಆಪರೇಷನ್ ಮಾಡುವ ಡಾಕ್ಟರ ಹತ್ತಿರ ಹೋಗಿ. ಮಗು ಪದೇ ಪದೇ ವಾಂತಿ ಮಾಡಿದರೆ, ಹಾಲು ಬಿಟ್ಟರೆ, ಮಂಕಾಗಿ ಮಲಗೇ ಇದ್ದರೆ, ಫಿಟ್ಸ್ ಬಂದರೆ ಆ ಗಳಿಗೆಯಲ್ಲೇ ಹೊರಡಿ. ಗ್ರಹಣಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ, ಆ ಭಾರ ನೀವು ಹೊರಬೇಡಿ.

ಮಿದುಳಿನೊಳಗಿನ ಟೊಳ್ಳು ಜಾಗಗಳಲ್ಲಿ ನೀರಿನಂಥ ದ್ರವ ಹಗಲೂ ರಾತ್ರಿ ತಯಾರಾಗುತ್ತಲೇ ಇರುತ್ತದೆ, ದೊಡ್ಡವರಲ್ಲಿ ದಿನಕ್ಕೆ ಸುಮಾರು ಅರ್ಧ ಲೀಟರ್. ಅದು ಮಿದುಳನ್ನು ಸುತ್ತಿಕೊಂಡು ಹರಿದು ರಕ್ತಕ್ಕೆ ಸೇರಬೇಕು. ಕೆಲವು ಮಕ್ಕಳಿಗೆ ಆ ದಾರಿ ಹುಟ್ಟಿನಿಂದಲೇ ಕಿರಿದು. ಕೆಲವರಿಗೆ ತಿಂಗಳು ತುಂಬದೆ ಹುಟ್ಟಿ ಮಿದುಳಲ್ಲಿ ರಕ್ತ ಸೋರಿರುತ್ತದೆ, ಇನ್ನು ಕೆಲವರಿಗೆ ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ಆಗಿರುತ್ತದೆ, ನಮ್ಮಲ್ಲಿ ಟಿಬಿಯದ್ದೂ ಸೇರಿ. ಬೆನ್ನುಹುರಿಯ ದೋಷ ಇರುವ ಮಕ್ಕಳಲ್ಲೂ ಜಾಸ್ತಿ. ಕೂಸುಗಳ ತಲೆಬುರುಡೆ ಇನ್ನೂ ಕೂಡಿರುವುದಿಲ್ಲ, ಅದಕ್ಕೇ ತಲೆ ಹಿಗ್ಗುತ್ತದೆ, ಆದರೆ ಒಳಗೆ ಮಿದುಳು ನಲುಗುತ್ತಲೇ ಇರುತ್ತದೆ. ಕಣ್ಣು ಕೆಳಗೆ ಜಾರುವುದು, ನೆತ್ತಿ ಉಬ್ಬುವುದು ಆ ಒತ್ತಡದ ಗುರುತು.

ಈ ನೀರನ್ನು ಕಾಯಂ ಇಳಿಸುವ ಮಾತ್ರೆ, ಕಷಾಯ, ಲೇಪ ಯಾವುದೂ ಇಲ್ಲ. ಶಂಟ್ ಅಂದರೆ ತೆಳ್ಳಗಿನ ಸಿಲಿಕಾನ್ ಕೊಳವೆ. ಮಿದುಳಿನ ಟೊಳ್ಳಿನಿಂದ ಹೊರಟು ಚರ್ಮದ ಕೆಳಗೇ ಕತ್ತು, ಎದೆ ದಾಟಿ ಹೊಟ್ಟೆಗೆ ಇಳಿಯುತ್ತದೆ, ನಡುವೆ ನೀರಿನ ಹರಿವನ್ನು ಹಿಡಿತದಲ್ಲಿಡುವ ಒಂದು ವಾಲ್ವ್, ಹೊಟ್ಟೆ ಆ ನೀರನ್ನು ಹೀರಿಕೊಳ್ಳುತ್ತದೆ. 1956ರಲ್ಲಿ ಅಮೆರಿಕದ ಜಾನ್ ಹೋಲ್ಟರ್ ಅನ್ನುವ ಮೆಕ್ಯಾನಿಕ್, ಇದೇ ತೊಂದರೆ ಇದ್ದ ತನ್ನ ಮಗನಿಗಾಗಿ ಕೂತು ಸಿಲಿಕಾನ್ ವಾಲ್ವ್ ಮಾಡಿದರು, ಅದರಿಂದ ಎಷ್ಟೋ ಮಕ್ಕಳು ಬದುಕಿದರು. ನಮ್ಮ ದೇಶದಲ್ಲೇ ತಯಾರಾಗುವ ಛಾಬ್ರಾ ಶಂಟ್ ಅಗ್ಗ. ಉಗಾಂಡದ ಮಕ್ಕಳಲ್ಲಿ ದುಬಾರಿ ಶಂಟ್ ಜೊತೆ ಹೋಲಿಸಿ ನೋಡಿದಾಗ ಫಲಿತಾಂಶದಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ದುಡ್ಡು ಹೊಂದಿಸೋಕೆ ಅಂತ ತಿಂಗಳುಗಟ್ಟಲೆ ಕಾಯಬೇಡಿ. ಮುಂಬೈ ಪರೇಲ್‌ನ ಕೆಇಎಂ ಆಸ್ಪತ್ರೆ, ವಾಡಿಯಾ ಮಕ್ಕಳ ಆಸ್ಪತ್ರೆ, ಸಾಯನ್ ಆಸ್ಪತ್ರೆ, ಎಲ್ಲವೂ ನಿಮಗೆ ಲೋಕಲ್ ರೈಲಿನ ದೂರದಲ್ಲೇ ಇವೆ. ರೇಷನ್ ಕಾರ್ಡ್ ತೆಗೆದುಕೊಂಡು ಹೋಗಿ, ಮಹಾರಾಷ್ಟ್ರ ಸರ್ಕಾರದ ಮಹಾತ್ಮಾ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಆಗುತ್ತದಾ ಅಂತ ಅಲ್ಲೇ ಕೇಳಿ.

ಕೊಳವೆ ಇಲ್ಲದೆ, ಎಂಡೋಸ್ಕೋಪ್‌ನಿಂದ ಒಳಗೇ ಹೊಸ ದಾರಿ ಮಾಡುವ ಇಟಿವಿ ಅನ್ನುವ ಆಪರೇಷನ್ ಕೂಡ ಇದೆ. ದಾರಿ ಕಟ್ಟಿಕೊಂಡಿರುವ, ಸ್ವಲ್ಪ ದೊಡ್ಡ ಮಕ್ಕಳಿಗೆ ಅದು ಚೆನ್ನಾಗಿ ಆಗುತ್ತದೆ, ಆರು ತಿಂಗಳ ಒಳಗಿನವರಿಗೆ ಸೋಲೋದು ಜಾಸ್ತಿ. ನಿಮ್ಮ ಮಗನಿಗೆ ಯಾವುದು ಅಂತ ಸರ್ಜನ್‌ರನ್ನೇ ಕೇಳಿ.

ಮುಂದೆ ಹೇಗಿರುತ್ತಾನೆ ಅನ್ನೋದು ಕಾರಣದ ಮೇಲೆ, ಮಿದುಳಿಗೆ ಈಗಾಗಲೇ ಎಷ್ಟು ಪೆಟ್ಟಾಗಿದೆ ಅನ್ನೋದರ ಮೇಲೆ ನಿಂತಿದೆ. ಶಾಲೆಗೆ ಹೋಗಿ ಎಲ್ಲರಂತೆ ಬೆಳೆಯುವ ಮಕ್ಕಳು ಬಹಳ ಇದ್ದಾರೆ. ಕಲಿಕೆಗೆ, ನಡಿಗೆಗೆ ಸಹಾಯ ಬೇಕಾಗುವವರೂ ಇದ್ದಾರೆ. ಅತ್ತೆಯವರನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಸ್ಕ್ಯಾನ್ ಕಣ್ಣಾರೆ ನೋಡಲಿ. ಅವರದೂ ಪ್ರೀತಿಯ ಭಯವೇ ಅಲ್ವಾ. ಆಪರೇಷನ್ ಆದಮೇಲೆ ಎಣ್ಣೆ ಸ್ನಾನ ಯಾವಾಗ ಅಂತ ಡಾಕ್ಟರನ್ನು ಕೇಳಿಯೇ ಶುರು ಮಾಡಿ, ವಾಲ್ವ್ ಇರುವ ಜಾಗವನ್ನು ಯಾರೂ ತಿಕ್ಕಬಾರದು, ಒತ್ತಬಾರದು.

ಪ್ರಶ್ನೆ: ಮಗಳಿಗೆ ಆರು ವರ್ಷ, ಕೂಸಾಗಿದ್ದಾಗಲೇ ಶಂಟ್ ಹಾಕಿದ್ದಾರೆ. ಈಗೊಂದು ವಾರದಿಂದ ಬೆಳಗ್ಗೆ ತಲೆನೋವು ಅಂತಾಳೆ, ಎರಡು ಸಲ ವಾಂತಿಯೂ ಆಯ್ತು. ಪಿತ್ತ ಇರಬಹುದಾ?
– ಓದುಗರು, ಪಿಂಪರಿ, ಪುಣೆ

ಉತ್ತರ: ಪಿತ್ತ ಅಂತ ಕೂರಬೇಡಿ, ಇವತ್ತೇ ತೋರಿಸಿ. ಶಂಟ್ ಇರುವ ಮಗುವಿಗೆ ಬೆಳಗಿನ ತಲೆನೋವು, ವಾಂತಿ ಅಂದರೆ ಕೊಳವೆ ಕಟ್ಟಿದೆ ಅಂತಲೇ ಮೊದಲು ಅನುಮಾನ ಪಡಬೇಕು. ವರ್ಷಗಟ್ಟಲೆ ಸರಿಯಾಗಿದ್ದ ಶಂಟ್ ಕೂಡ ಕಟ್ಟಬಹುದು, ಮಗು ಎತ್ತರ ಆದ ಹಾಗೆ ಕೊಳವೆ ಗಿಡ್ಡವಾಗಲೂಬಹುದು. ಹಳೇ ಸ್ಕ್ಯಾನ್, ಡಿಸ್ಚಾರ್ಜ್ ಪೇಪರ್ ತೆಗೆದುಕೊಂಡೇ ಹೋಗಿ, ಹೊಸದಕ್ಕೆ ಹೋಲಿಸಲು ಬೇಕಾಗುತ್ತದೆ. ಹೋಗುವವರೆಗೆ ಮಗಳು ತೂಕಡಿಸುತ್ತಿದ್ದರೆ, ಎಬ್ಬಿಸಲು ಕಷ್ಟವಾದರೆ ಓಪಿಡಿ ಸಾಲಲ್ಲಿ ನಿಲ್ಲದೆ ನೇರ ಎಮರ್ಜೆನ್ಸಿಗೆ ಹೋಗಿ.